ಮೋಟಾರೂ ಇಲ್ಲದ ಪ್ರೋಟೀನ್ ಹನಿ ಜೀವಕೋಶದ ಪೊರೆಯನ್ನು ಹೇಗೆ ಬಗ್ಗಿಸುತ್ತದೆ?

ಕೋಶದೊಳಗೆ ಪ್ರೋಟೀನ್ ಅಣುಗಳು ಒಟ್ಟುಗೂಡಿ ದ್ರವದ ಹನಿಯಂತಾಗುತ್ತವೆ; ತನ್ನ ಸುತ್ತ ಪೊರೆಯೇ ಇಲ್ಲದ ಇಂತಹ ಹನಿಗೆ ಬೇರೆ ಪೊರೆಯನ್ನು ಬಗ್ಗಿಸುವ ಬಲ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಿ. ನಾನು ಇಳಕಲ್ಲಿನವಳು, ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ನನ್ನನ್ನೂ ಬಹಳ ದಿನ ಕಾಡಿದ ಪ್ರಶ್ನೆ ಇದು.

ನನಗೆ ಇದು ಹೊಳೆದದ್ದು ಅವ್ವ ಸೂಜಿಗೆ ರೇಷ್ಮೆ ದಾರ ಪೋಣಿಸುವುದನ್ನು ನೋಡುವಾಗ. ಒಣ ತುದಿ ಕೆದರಿಕೊಂಡು ಸೂಜಿಯ ಕಣ್ಣಿಗೆ ಹೋಗುವುದೇ ಇಲ್ಲ. ನೀರು ಮುಟ್ಟಿಸಿದರೆ ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಚೂಪಾಗುತ್ತವೆ. ಅವನ್ನು ಕೂಡಿಸುವುದು ನೀರಿನ ಮೇಲ್ಮೈ ಎಳೆತ. ಹನಿಯು ತನ್ನ ಮೇಲ್ಮೈಯನ್ನು ಕಿರಿದಾಗಿಸಲು ಹವಣಿಸುತ್ತಲೇ ಇರುತ್ತದೆ. ಅಂಟಿದ ವಸ್ತು ಮೆತ್ತಗಿದ್ದರೆ ಅದನ್ನೂ ಜತೆಗೆ ಎಳೆದುಕೊಳ್ಳುತ್ತದೆ. ಪ್ರೋಟೀನ್ ಹನಿಯಲ್ಲಿ ಈ ಎಳೆತ ನೀರಿಗಿಂತ ಸಾವಿರಾರು ಪಟ್ಟು ಕಡಿಮೆ, ನಿಜ. ಆದರೆ ಪೊರೆಯ ದಪ್ಪವಾದರೂ ಎಷ್ಟು? ಸುಮಾರು 5 ನ್ಯಾನೊಮೀಟರ್. ಅದನ್ನು ಬಗ್ಗಿಸಲು ಅಷ್ಟು ಬಲವೇ ಸಾಕು, ಪೊರೆ ಬಿಗಿಯಾಗಿರದೆ ಸ್ವಲ್ಪ ಸಡಿಲವಾಗಿದ್ದರೆ.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಬೀಜದ್ದು. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಭ್ರೂಣದಲ್ಲಿ ಇದನ್ನು ನೋಡಿದ್ದಾರೆ, 2021ರಲ್ಲಿ ಪ್ರಕಟವಾಯಿತು. ಬೀಜ ಬಲಿಯುವಾಗ ಕೋಶದ ರಸದಾನಿಯೊಳಗೆ (ಪೊರೆ ಸುತ್ತಿದ, ರಸ ತುಂಬಿದ ಚೀಲ, ವ್ಯಾಕ್ಯೂಲ್) ಸಂಗ್ರಹ ಪ್ರೋಟೀನ್ ಹನಿಗಟ್ಟಿ, ಒಳಗಿನಿಂದ ಪೊರೆಗೆ ಅಂಟಿಕೊಳ್ಳುತ್ತದೆ. ಅಂಟು ಹದವಾಗಿದ್ದರೆ ಹನಿಯ ಸುತ್ತ ಪೊರೆ ಮೊಗ್ಗಿನಂತೆ ಉಬ್ಬುತ್ತದೆ. ಒಂದು ದೊಡ್ಡ ರಸದಾನಿ ಹಲವು ಸಣ್ಣ ಪ್ರೋಟೀನ್ ಚೀಲಗಳಾಗುವುದು ಬಹುಶಃ ಹೀಗೆಯೇ. ಅಂಟು ಬಲವಾಗಿದ್ದು, ಪೊರೆಗೂ ತಾನಾಗಿ ಬಾಗುವ ಗುಣ ಹೆಚ್ಚಿದ್ದರೆ ಮೊಗ್ಗು ಮೂಡುವುದಿಲ್ಲ, ಹನಿಯ ಮೇಲೆ ಅತಿಸೂಕ್ಷ್ಮ ಕೊಳವೆಗಳ ಜಾಲ ಹರಡುತ್ತದೆ. ನಮ್ಮ ಹೊಲದ ತೊಗರಿ, ಕಡಲೆ ಕೂಡ ದ್ವಿದಳ ಬೀಜಗಳೇ, ಪ್ರೋಟೀನನ್ನು ಇಂತಹ ಚೀಲಗಳಲ್ಲೇ ಕೂಡಿಡುತ್ತವೆ. ಹಸಿ ತೊಗರಿಕಾಯಿ ಸುಲಿಯುವಾಗಲೆಲ್ಲ ನನಗೆ ಆ ಹನಿಗಳ ನೆನಪಾಗುತ್ತದೆ.

ಪೊರೆಯನ್ನು ಸರಿಸುವ ಕೆಲಸವೂ ಇದೇ ಬಲದ್ದು. ಕೋಶವು ತನಗೆ ಬೇಡವಾದದ್ದನ್ನು ಜೀರ್ಣಿಸಿಕೊಳ್ಳುವ ಆಟೋಫೇಜಿಯಲ್ಲಿ ಪೊರೆಯ ತೆಳು ಹಾಳೆಯೊಂದು ಹನಿಯ ಮೈಗೆ ಅಂಟಿ, ಅದರ ದುಂಡು ಆಕಾರವನ್ನೇ ಅನುಸರಿಸಿ ಹರಡುತ್ತಾ ಕೊನೆಗೆ ಅದನ್ನು ಸುತ್ತಿಬಿಡಬಲ್ಲದು. ನರತುದಿಗಳಲ್ಲಿ ಸಿನಾಪ್ಸಿನ್ ಎಂಬ ಪ್ರೋಟೀನಿನ ಹನಿಗಳು ಪೊರೆಯ ಪುಟಾಣಿ ಚೀಲಗಳನ್ನು ಗುಂಪಾಗಿ ಹಿಡಿದಿಡುತ್ತವೆ. ಸಂಕೇತ ಬಂದಾಗ ಆ ಪ್ರೋಟೀನಿಗೆ ಫಾಸ್ಫೇಟ್ ಸೇರಿ ಹನಿ ಕರಗುತ್ತದೆ, ಚೀಲಗಳು ಬಿಡುಗಡೆಯಾಗುತ್ತವೆ.