ಹಾರ್ಮೋನಿಯಂ ಎಂಬ ಕ್ವಿಬೆಕ್ ಬ್ಯಾಂಡ್ ಮೂರೇ ಆಲ್ಬಂ ಮಾಡಿ ನಿಲ್ಲಿಸಿದ್ದು ಯಾಕೆ? ಫ್ರೆಂಚ್ ಬಾರದವರು ಎಲ್ಲಿಂದ ಕೇಳಬೇಕು?

ಪಿಂಕ್ ಫ್ಲಾಯ್ಡ್, ಜೆನೆಸಿಸ್ ಎಲ್ಲಾ ಕೇಳಿ ಮುಗಿಸಿದ್ದೀರಿ. ಯಾರೋ ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಹಾರ್ಮೋನಿಯಂ ಅನ್ನುವ ಬ್ಯಾಂಡಿನ ಹೆಸರು ಹೇಳಿದ್ದಾರೆ. ಹುಡುಕಿದರೆ ಮೂರೇ ಆಲ್ಬಂ, ಅದೂ ಫ್ರೆಂಚ್‌ನಲ್ಲಿ. ಇಷ್ಟು ಹೊಗಳಿಸಿಕೊಂಡ ಬ್ಯಾಂಡ್ ಯಾಕೆ ನಿಂತುಹೋಯಿತು, ಭಾಷೆ ಬಾರದೆ ಕೇಳಿದರೆ ಏನಾದರೂ ಸಿಗುತ್ತದಾ ಅಂತ ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರ: ಸಿಗುತ್ತದೆ. ನನಗೆ ಸಿಕ್ಕಿದ್ದೇ ಹಾಗೆ.

ಓದಲು ಕ್ವಿಬೆಕ್‌ನ ದೊಡ್ಡ ಊರು ಮಾಂಟ್ರಿಯಲ್‌ಗೆ ಹೋದಾಗ ನನಗೆ ಬರುತ್ತಿದ್ದ ಫ್ರೆಂಚ್ ಅಂದರೆ ಬೋಂಜೂರ್ ಮತ್ತು ಮೆರ್ಸಿ. ಆ ಊರಲ್ಲಿ ಬಾಡಿಗೆ ಕರಾರುಗಳು ಹೆಚ್ಚಿನವು ಜೂನ್ ಕೊನೆಗೆ ಮುಗಿಯುತ್ತವೆ. ಹಾಗಾಗಿ ಜುಲೈ 1ರಂದು ಎಲ್ಲಿ ನೋಡಿದರೂ ಮನೆ ಖಾಲಿ ಮಾಡುವವರೇ. ಹಳೇ ಮನೆಗಳಿಗೆ ಮೆಟ್ಟಿಲು ಬೇರೆ ಹೊರಗಡೆ, ಕಬ್ಬಿಣದ್ದು, ಸುತ್ತಿ ಸುತ್ತಿ ಮೇಲೆ ಹೋಗುತ್ತದೆ. ಅಂಥ ಒಂದು ಮೆಟ್ಟಿಲಲ್ಲಿ, ಮಹಡಿ ಮನೆ ಬಿಡುತ್ತಿದ್ದ ವಯಸ್ಸಾದ ಒಬ್ಬರ ಸಾಮಾನು ಇಳಿಸಿಕೊಡುತ್ತಿದ್ದೆ. ಒಂದು ಪೆಟ್ಟಿಗೆ ತುಂಬಾ ಎಲ್‌ಪಿ. ಮೇಲಿದ್ದದ್ದರ ಮೇಲೆ ಹಾರ್ಮೋನಿಯಂ ಅಂತ ಬರೆದಿತ್ತು. ನನಗೆ ನಗು ಬಂತು. ನಮ್ಮ ಮನೆಯಲ್ಲೂ ಒಂದಿತ್ತು, ತಾತ ಭಜನೆಗೆ ತಿದಿ ಒತ್ತಿ ನುಡಿಸುತ್ತಿದ್ದರು ಅಂದೆ. ಅವರು ನಗಲಿಲ್ಲ. ಪ್ಲೇಯರ್ ಇನ್ನೂ ಪ್ಯಾಕ್ ಮಾಡಿಲ್ಲ, ಬಾ ಅಂದರು. ಕೆಳಗೆ ಲಾರಿ ಕಾಯುತ್ತಿತ್ತು. ಅವರು 17 ನಿಮಿಷದ ಒಂದು ಹಾಡನ್ನು ಪೂರ್ತಿ ಕೇಳಿಸಿಯೇ ಬಿಟ್ಟರು.

ಈಗ ಬ್ಯಾಂಡಿನ ಕಥೆ.

1972ರಲ್ಲಿ ಮಾಂಟ್ರಿಯಲ್‌ನಲ್ಲಿ ಇಬ್ಬರು ಹುಡುಗರು ಸೇರಿದರು. ಸೆರ್ಜ್ ಫಿಯೋರಿ ಮತ್ತು ಮಿಷೆಲ್ ನೊರ್ಮಾಂದೊ. ಇಬ್ಬರದೂ ಗಿಟಾರ್. ಮುಂದಿನ ವರ್ಷ ಬೇಸ್ ಗಿಟಾರ್ ನುಡಿಸುವ ಲೂಯಿ ವಲ್ವಾ ಬಂದರು. ಫಿಯೋರಿಯ ಅಪ್ಪ ಇಟಾಲಿಯನ್ ಮೂಲದವರು, ಮದುವೆ ಮನೆಗಳಲ್ಲಿ ನುಡಿಸುವ ವಾದ್ಯವೃಂದ ಇಟ್ಟುಕೊಂಡಿದ್ದರು. ಮಗನೂ ಅದರಲ್ಲೇ ನುಡಿಸಿ ಬೆಳೆದವನು. ಹಾಗಾಗಿ ಜನ ಗುನುಗುವಂಥ ರಾಗ ಕಟ್ಟುವುದು ಅವನಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು ಅಂತ ನನ್ನ ಲೆಕ್ಕ. ಈ ಬ್ಯಾಂಡ್ ಎಷ್ಟೇ ಉದ್ದುದ್ದ ಹಾಡು ಮಾಡಿದರೂ ಗುನುಗುವ ತುಣುಕು ಒಂದು ಇದ್ದೇ ಇರುತ್ತದೆ.

1974ರ ಮೊದಲ ಆಲ್ಬಂಗೆ ಹೆಸರೂ ಹಾರ್ಮೋನಿಯಂ ಅಂತಲೇ. ನಿಜ ಹೇಳಬೇಕೆಂದರೆ ಅದು ಪ್ರಾಗ್, ಅಂದರೆ ಪಿಂಕ್ ಫ್ಲಾಯ್ಡ್, ಜೆನೆಸಿಸ್ ಥರದ ಪ್ರೋಗ್ರೆಸಿವ್ ರಾಕ್, ಅಲ್ಲವೇ ಅಲ್ಲ. ಮೂವರು ಕೂತು ಹಾಡುವ ಜನಪದ ಧಾಟಿಯ ಹಾಡುಗಳು. ಅದರಲ್ಲಿ 'ಪೂರ್ ಅನ್ ಎನ್‌ಸ್ತಾಂ' ಎಂಬ ಪುಟ್ಟ ಹಾಡು, ಅಂದರೆ 'ಒಂದು ಕ್ಷಣಕ್ಕೆ', ಕ್ವಿಬೆಕ್‌ನಲ್ಲಿ ಇವತ್ತಿಗೂ ಬೆಂಕಿ ಸುತ್ತ ಕೂತವರು ಗಿಟಾರ್ ಹಿಡಿದು ಹಾಡುವ ಹಾಡು.

ಒಂದೇ ವರ್ಷಕ್ಕೆ, 1975ರಲ್ಲಿ, ಎರಡನೆಯದು ಬಂತು. ಹೆಸರು ಉದ್ದ: 'ಸಿ ಒನ್ ಅವೆ ಬೆಸ್ವಾಂ ದ್ಯೂನ್ ಸ್ಯಾಂಕಿಯೆಮ್ ಸೆಜೋಂ'. ನಮಗೊಂದು ಐದನೇ ಋತು ಬೇಕೆನಿಸಿದರೆ ಅಂತ ಅರ್ಥ. ಅಭಿಮಾನಿಗಳು ಸುಮ್ನೆ 'ಐದು ಋತು' ಅನ್ನುತ್ತಾರೆ. ನಾನು ನಿಮಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಇದರ ಬಗ್ಗೆಯೇ.

ಈ ಹೊತ್ತಿಗೆ ಇನ್ನಿಬ್ಬರು ಸೇರಿಕೊಂಡಿದ್ದರು. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗೆ ಪಿಯೇರ್ ದೆನ್ಯೋ. ಪಿಯಾನೊ ಮತ್ತು ಮೆಲೊಟ್ರಾನ್‌ಗೆ ಸೆರ್ಜ್ ಲೊಕಾ. ಮೆಲೊಟ್ರಾನ್ ಅಂದರೆ ಪ್ರತಿ ಕೀಲಿಯ ಕೆಳಗೂ ಒಂದು ಟೇಪಿನ ತುಂಡು ಇರುವ ಪೆಟ್ಟಿಗೆ. ಕೀಲಿ ಒತ್ತಿದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಪಿಟೀಲುಗಳೋ ಕೋರಸ್ಸೋ ಕೇಳುತ್ತದೆ. ಸುಮಾರು ಎಂಟು ಸೆಕೆಂಡಿಗೆ ಟೇಪ್ ಮುಗಿಯುತ್ತದೆ, ಬೆರಳು ಎತ್ತಲೇಬೇಕು. ಆ ಸ್ವಲ್ಪ ನಡುಗುವ, ಮಂಜಿನ ಆಚೆಯಿಂದ ಬಂದಂಥ ದನಿಯನ್ನು ಇಡೀ ಆಲ್ಬಂನಲ್ಲಿ ಕೇಳುತ್ತೀರಿ.

ಒಂದು ವಾದ್ಯ ಮಾತ್ರ ಕೇಳುವುದಿಲ್ಲ. ಡ್ರಮ್ಸ್. ರಾಕ್ ಆಲ್ಬಂ, ಡ್ರಮ್ಸ್ ಇಲ್ಲ! ಮೊದಲ ಸಲ ಕೇಳಿದಾಗ ನನಗೆ ಇದು ಗೊತ್ತೇ ಆಗಲಿಲ್ಲ. ಮೂರನೇ ಸಲ ಕೇಳುವಾಗ ಏನೋ ಇಲ್ಲವಲ್ಲ ಅನಿಸಿತು. ತಾಳವನ್ನೆಲ್ಲ ಗಿಟಾರ್ ತಂತಿಗಳು ಮತ್ತು ವಲ್ವಾ ಅವರ ಬೇಸ್ ಹೊತ್ತಿವೆ. ಅದಕ್ಕೇ ಆ ಹಾಡುಗಳು ಎಲ್ಲೂ ಧಡಬಡ ಅನ್ನುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ.

ಹಾಡು ಐದು, ಋತುವಿಗೊಂದು. ವಸಂತಕ್ಕೆ 'ವೆರ್', ಹಸಿರು ಅಂತ. ಬೇಸಿಗೆಗೆ 'ಡಿಕ್ಸಿ', ಕ್ಲಾರಿನೆಟ್ ಹಿಡಿದು ಹಳೇ ಅಮೆರಿಕನ್ ಜಾಜ್ ಥರ ಕುಣಿಯುವ ಹಾಡು. ಅದರ ಉಪಶೀರ್ಷಿಕೆಯಲ್ಲಿ 'ತೂನ್' ಅನ್ನುವ ಪದ ಇದೆ. ಇಂಗ್ಲಿಷಿನ ಟ್ಯೂನ್ ಅನ್ನು ಕ್ವಿಬೆಕ್ ಜನ ತಮ್ಮದು ಮಾಡಿಕೊಂಡ ಪದ, ಹಾಡು ಅಂತ. ಆಮೇಲೆ ಶರತ್ತಿಗೆ ಹತ್ತು ನಿಮಿಷದ ಒಂದು ಹಾಡು. ಚಳಿಗಾಲಕ್ಕೆ ನೊರ್ಮಾಂದೊ ಅಕಾರ್ಡಿಯನ್ ಹಿಡಿಯುವ ಒಂದು ಒಂಟಿತನದ ಹಾಡು.

ಐದನೇ ಋತುವಿಗೆ 'ಇಸ್ತ್ವಾರ್ ಸಾಂ ಪರೋಲ್'. ಮಾತಿಲ್ಲದ ಕಥೆಗಳು. ಆ ಜುಲೈ 1ರಂದು ನನಗೆ ಕೇಳಿಸಿದ್ದು ಇದನ್ನೇ. ಅಲೆಗಳ ಸದ್ದಿನಿಂದ ಶುರು, ಅದರ ಮೇಲೆ ಕೊಳಲು. ನಡುವೆ ಜೂಡಿ ರಿಚರ್ಡ್ಸ್ ಎಂಬ ಗಾಯಕಿ ಒಂದು ಪದವೂ ಇಲ್ಲದೆ ಬರೀ ದನಿಯಲ್ಲಿ ಹಾಡುತ್ತಾರೆ. ನಮ್ಮಲ್ಲಿ ಆಲಾಪ ಕೇಳಿ ಅಭ್ಯಾಸ ಇರುವವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಫ್ರೆಂಚ್ ಬರುವವರಿಗೂ ಬಾರದವರಿಗೂ ಆ 17 ನಿಮಿಷ ಒಂದೇ. 2015ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ 50 ಶ್ರೇಷ್ಠ ಪ್ರಾಗ್ ಆಲ್ಬಂಗಳ ಪಟ್ಟಿ ಮಾಡಿದಾಗ ಇದನ್ನು 36ನೇ ಜಾಗದಲ್ಲಿ ಇಟ್ಟಿತು. ನಾನಾಗಿದ್ದರೆ ಇನ್ನೂ ಮೇಲೆ ಇಡುತ್ತಿದ್ದೆ, ಬಿಡಿ.

ಮೂರನೆಯದು 1976ರ ನವೆಂಬರ್‌ನಲ್ಲಿ ಬಂದ 'ಲೆಪ್ತಾದ್'. ಎರಡು ಎಲ್‌ಪಿ. ಸೆಂಟ್ ಸೆಜೇರ್ ಎಂಬ ಊರಿನಲ್ಲಿ ಫಿಯೋರಿ ಇದ್ದ ಮನೆಯಲ್ಲೇ ರೆಕಾರ್ಡಿಂಗ್. ಒಬ್ಬ ಮನುಷ್ಯ ಪ್ರಜ್ಞೆಯ ಏಳು ಮೆಟ್ಟಿಲು ದಾಟುವ ಕಥೆ. 'ಹುಚ್ಚನಂತೆ' ಎಂಬ ಹಾಡಿನಿಂದ ಹೊರಟು 'ಜ್ಞಾನಿಯಂತೆ' ಎಂಬ ಹಾಡಿಗೆ ಮುಟ್ಟುತ್ತದೆ. ಈ ಸಲ ಡ್ರಮ್ಸ್ ಇದೆ, ಎಲೆಕ್ಟ್ರಿಕ್ ಗಿಟಾರ್ ಇದೆ, ನೀಲ್ ಚೋಟೆಮ್ ಬರೆದ ಆರ್ಕೆಸ್ಟ್ರಾ ಇದೆ. ಮೊನಿಕ್ ಫೋತೊ ಹಾಡಿರುವ 'ಲ ಕೊರಿಡೋರ್' ಒಂದಕ್ಕಾಗಿಯಾದರೂ ಕೇಳಿ. ಆದರೆ ಹಾಡುಗಳ ನಡುವೆ ಬರುವ ಆರ್ಕೆಸ್ಟ್ರಾ ಭಾಗಗಳು ನನಗೆ ಸ್ವಲ್ಪ ಜಾಸ್ತಿ ಆಯಿತು ಅನಿಸುತ್ತದೆ. ಕ್ವಿಬೆಕ್‌ನವರ ಮುಂದೆ ಈ ಮಾತು ಆಡಬೇಡಿ, ಜಗಳಕ್ಕೇ ಬರುತ್ತಾರೆ.

ಜೊತೆಗೆ ಹಾಡು ಕಟ್ಟುತ್ತಿದ್ದ ನೊರ್ಮಾಂದೊ ಈ ಕೆಲಸದ ನಡುವೆಯೇ ಬ್ಯಾಂಡ್ ಬಿಟ್ಟರು. ಹೊರೆಯೆಲ್ಲ ಫಿಯೋರಿ ಒಬ್ಬನ ತಲೆಗೆ ಬಂತು. ನಿಮ್ಮ ಮೊದಲ ಪ್ರಶ್ನೆಯ ಉತ್ತರ ಇಲ್ಲಿಂದಲೇ ಶುರು ಅಂತ ನನಗೆ ಕಾಣುತ್ತದೆ.

ಆ ಕಾಲ ಎಂಥದ್ದು ನೋಡಿ. ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಮಾತಾಡುವವರೇ ಹೆಚ್ಚು, ಆದರೆ ಬಹಳ ಕಾಲ ದೊಡ್ಡ ಕಂಪನಿಗಳ ಮೇಲಿನ ಕುರ್ಚಿಗಳು ಇಂಗ್ಲಿಷಿನವರವು. 1960ರಿಂದ ಅದು ಬದಲಾಗುತ್ತಾ ಬಂತು. 'ಲೆಪ್ತಾದ್' ಬಂದ ಅದೇ ತಿಂಗಳು, ನವೆಂಬರ್ 15ರಂದು, ಕ್ವಿಬೆಕ್ ಬೇರೆ ದೇಶ ಆಗಬೇಕು ಅನ್ನುವ ರೆನೆ ಲೆವೆಕ್ ಅವರ ಪಕ್ಷ ಚುನಾವಣೆ ಗೆದ್ದಿತು. ಮರುವರ್ಷ ಫ್ರೆಂಚನ್ನು ಕಚೇರಿ, ಶಾಲೆ, ಅಂಗಡಿ ಬೋರ್ಡುಗಳ ಭಾಷೆ ಮಾಡುವ 101ನೇ ಕಾನೂನು ಬಂತು. ತಮ್ಮ ಭಾಷೆಯಲ್ಲಿ, ತಮ್ಮ ಉಚ್ಚಾರದಲ್ಲಿ ಇಂಥ ಸಂಗೀತ ಮಾಡುವ 24 ವರ್ಷದ ಹುಡುಗ ಇದ್ದಾನೆ ಅಂದರೆ ಜನ ಸುಮ್ಮನಿರುತ್ತಾರಾ? ಹಾಡುಗಾರ ಅಂತ ನೋಡುವುದನ್ನು ಬಿಟ್ಟು, ಇಡೀ ತಲೆಮಾರಿನ ಬಾಯಿ ಅಂತ ನೋಡಲು ಶುರು ಮಾಡಿದರು.

ಆ ಹುಡುಗನಿಗೋ ವೇದಿಕೆ ಅಂದರೆ ವಿಪರೀತ ಭಯ. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಆದರೂ ಎರಡು ವರ್ಷ ಎಳೆದರು. 1977ರಲ್ಲಿ ಯುರೋಪಿನಲ್ಲಿ ಸೂಪರ್‌ಟ್ರ್ಯಾಂಪ್ ಬ್ಯಾಂಡಿಗಿಂತ ಮೊದಲು ವೇದಿಕೆ ಹತ್ತಿ ನುಡಿಸಿದರು. ಅದೇ ವರ್ಷ ವ್ಯಾಂಕೂವರ್‌ನಲ್ಲಿ ನುಡಿಸಿದ್ದು ರೆಕಾರ್ಡ್ ಆಗಿ, ಬ್ಯಾಂಡ್ ಮುಗಿದ ಮೇಲೆ, 1980ರಲ್ಲಿ ಎಲ್‌ಪಿ ಆಗಿ ಬಂತು. 1978ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲೂ ಹಾಡಿದ್ದು ಫ್ರೆಂಚ್‌ನಲ್ಲೇ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಆ ಪ್ರವಾಸವನ್ನು ಸಾಕ್ಷ್ಯಚಿತ್ರ ಮಾಡಿದೆ. ಇಂಗ್ಲಿಷ್‌ನಲ್ಲಿ ಒಂದು ಆಲ್ಬಂ ಮಾಡಿದ್ದರೆ ಹೊರಗೆ ಹೆಸರಾಗುತ್ತಿತ್ತು, ನಿಜ. ಮಾಡಲಿಲ್ಲ. ಅದೇ ವರ್ಷ ಫಿಯೋರಿ ಗೆಳೆಯ ರಿಷಾರ್ ಸೆಗ್ಯಾಂ ಜೊತೆ 'ಗಂಟೆಗೆ ಇನ್ನೂರು ರಾತ್ರಿ' ಎಂಬ ಆಲ್ಬಂ ಮಾಡಿದರು. ತುಂಬಾ ಚೆನ್ನಾಗಿದೆ, ಬ್ಯಾಂಡಿನ ನಾಲ್ಕನೇ ಆಲ್ಬಂ ಅಂತಲೇ ಲೆಕ್ಕ ಹಿಡಿಯಬಹುದು. ಅಲ್ಲಿಗೆ ಹಾರ್ಮೋನಿಯಂ ಮುಗಿಯಿತು. ಜಗಳ, ಕೋರ್ಟು ಅಂತ ಹುಡುಕಬೇಡಿ. ಒಬ್ಬ ಮನುಷ್ಯ ದಣಿದಿದ್ದ ಅಂತಲೇ ನಾನು ಓದಿಕೊಳ್ಳುವುದು.

ಆಮೇಲೆ ಫಿಯೋರಿ ಸಿನಿಮಾ, ಟಿವಿಗೆ ಸಂಗೀತ ಮಾಡಿಕೊಂಡು ಹಿಂದೆಯೇ ಉಳಿದರು. 1986ರಲ್ಲಿ ಒಂದು ಆಲ್ಬಂ, ಮತ್ತೆ ತಮ್ಮದೇ ಹೊಸ ಹಾಡುಗಳ ಆಲ್ಬಂ ಬಂದದ್ದು 2014ರಲ್ಲಿ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ನಡುವೆ, ಸಿಮೋಂ ಲೆಕ್ಲೇರ್ ಈ ಮೂರೂ ಆಲ್ಬಂಗಳ ಹಾಡುಗಳನ್ನು ಮಾಂಟ್ರಿಯಲ್ ಸಿಂಫನಿ ಆರ್ಕೆಸ್ಟ್ರಾಗೆ ಹೊಂದಿಸಿ ತಂದರು. 2025ರ ಜೂನ್ 24ರಂದು ಫಿಯೋರಿ ತೀರಿಕೊಂಡರು, 73 ವರ್ಷ. ಜೂನ್ 24 ಅಂದರೆ ಕ್ವಿಬೆಕ್‌ನ ನಾಡಹಬ್ಬ. ಪ್ರತಿ ವರ್ಷ ಆ ದಿನ ಊರೂರಲ್ಲಿ ಅವರ ಹಾಡು ಹಾಡುತ್ತಾರೆ. ಸುದ್ದಿ ಓದಿದಾಗ ನನಗೆ ಆ ಮೆಟ್ಟಿಲಿನ ಹಿರಿಯರು ನೆನಪಾದರು. ಈಗ ಎಲ್ಲಿದ್ದಾರೋ.

ಎಲ್ಲಿಂದ ಶುರು ಮಾಡಬೇಕು ಅಂದಿರಲ್ಲ. 'ಐದು ಋತು'ವಿನ ಕೊನೇ ಹಾಡಿನಿಂದ ಮಾಡಿ, ಹೆಡ್‌ಫೋನ್ ಹಾಕಿಕೊಂಡು, ರಾತ್ರಿ. ಹಿಡಿಸಿದರೆ ಅದೇ ಆಲ್ಬಂ ಮೊದಲಿಂದ. ಆಮೇಲೆ 'ಲೆಪ್ತಾದ್'ಗೆ ಒಂದು ಭಾನುವಾರ ಎತ್ತಿಡಿ. ಮೊದಲ ಆಲ್ಬಂ ಯಾವಾಗ ಬೇಕಾದರೂ ಆಗುತ್ತದೆ, ಅಡುಗೆ ಮಾಡುತ್ತಲೂ ಕೇಳಬಹುದು. ಇನ್ನೊಂದು, ಯೂಟ್ಯೂಬಿನಲ್ಲಿ ಹುಡುಕುವಾಗ ಹೆಸರಿನ ಜೊತೆ ಕ್ವಿಬೆಕ್ ಅಂತ ಸೇರಿಸಿ. ಇಲ್ಲದಿದ್ದರೆ ಬರೀ ಸರಳೆ ವರಸೆ ಹೇಳಿಕೊಡುವ ವಿಡಿಯೊಗಳೇ ಬರುತ್ತವೆ. ನನಗೆ ಇವತ್ತಿಗೂ ಬರುತ್ತಿವೆ.