ಮಳೆಗಾಲದ ಚಳಿಯಲ್ಲಿ ಸಾವು: ಅಂಗಾಂಶ ಪರೀಕ್ಷೆ ಏನನ್ನು ಹೇಳುತ್ತದೆ?

ಶಿರಸಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರಾಂಶ ಹೀಗಿದೆ: "ಕಳೆದ ಆಷಾಢದಲ್ಲಿ ನನ್ನ ಚಿಕ್ಕಪ್ಪ ಕೊಟ್ಟಿಗೆಗೆ ಬಾರದ ಎಮ್ಮೆಯನ್ನು ಹುಡುಕುತ್ತ ಸೊಪ್ಪಿನ ಬೆಟ್ಟಕ್ಕೆ ಹೋದವರು ಮರಳಲಿಲ್ಲ. ಮೂರನೆಯ ದಿನ ಹಳ್ಳದ ದಂಡೆಯಲ್ಲಿ, ಮರದ ಬೇರುಗಳ ಸಂದಿಯಲ್ಲಿ ಶವ ಸಿಕ್ಕಿತು. ಕಂಬಳಿ, ಅಂಗಿ ಹತ್ತು ಮಾರು ಆಚೆ ಬಿದ್ದಿದ್ದವು. ಮೊಣಕಾಲು, ಮೊಣಕೈಗಳ ಮೇಲೆ ಕೆಂಪು ನೇರಳೆ ಗುರುತುಗಳಿದ್ದವು. ಬೇಣದ ಗಡಿಯ ತಕರಾರಿದ್ದ ನೆರೆಮನೆಯವರ ಮೇಲೆ ಊರಿನ ಸಂಶಯ ತಿರುಗಿತು. ವೈದ್ಯರು ಅಂಗಗಳ ಚೂರು ತೆಗೆದು ಪರೀಕ್ಷಿಸಿ, 'ಲಕ್ಷಣಗಳು ದೇಹದ ಉಷ್ಣತೆ ಕುಸಿದು ಆದ ಸಾವಿಗೆ ಹೊಂದುತ್ತವೆ' ಎಂದು ಬರೆದಿದ್ದಾರೆ. ಹಿಮವೇ ಬೀಳದ ನಮ್ಮಲ್ಲಿ ಚಳಿಗೆ ಸಾಯುವುದುಂಟೇ? ಚಳಿಯಾದವರು ಅಂಗಿ ಕಳಚುತ್ತಾರೆಯೇ? ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆಯಿತ್ತು. ಚೂರು ತೆಗೆದರೆಂದು ಚಿಕ್ಕಮ್ಮ ಇನ್ನೂ ನೊಂದುಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿಯೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ 'ಹೊಂದುತ್ತವೆ' ಎಂದರೆ ಏನರ್ಥ?"

ಮಾನ್ಯರೇ,

ನೀವು ಲಗತ್ತಿಸಿದ್ದ ವರದಿಯ ಪ್ರತಿಯನ್ನು ಕಾರವಾರದಲ್ಲಿ ನನಗೆ ಪರಿಚಿತರಾದ ರೋಗಶಾಸ್ತ್ರಜ್ಞರೊಬ್ಬರ ಎದುರು ಕುಳಿತು ಸಾಲುಸಾಲಾಗಿ ಓದಿಸಿಕೊಂಡ ಮೇಲೆ ಈ ಉತ್ತರ ಬರೆಯುತ್ತಿದ್ದೇನೆ. ನಿಮ್ಮ ಮನೆಯ ದುಃಖಕ್ಕೆ ಸಂಶಯದ ಭಾರವೂ ಸೇರಿರುವುದರಿಂದ ಚುಟುಕಾಗಿ ಉತ್ತರಿಸಿ ಮುಗಿಸಲು ಮನಸ್ಸಾಗಲಿಲ್ಲ.

ಚಳಿಗೆ ಸಾಯಲು ಹಿಮ ಬೇಕಿಲ್ಲ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ ಆರಂಭವಾಗುತ್ತದೆ; ಇನ್ನೂ ಇಳಿದು 30ರ ಸಮೀಪಕ್ಕೆ ಬಂದಾಗ ನಡುಕವೇ ನಿಂತುಹೋಗುತ್ತದೆ; 28ರ ಕೆಳಗೆ ಹೃದಯ ಲಯ ತಪ್ಪಿ ನಿಲ್ಲುವ ಸಂಭವ ಹೆಚ್ಚು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ಆದ್ದರಿಂದ ಘಟ್ಟದ ಮೇಲೆ 20 ಡಿಗ್ರಿಯ ಆಸುಪಾಸಿನ ಮಳೆರಾತ್ರಿಯಲ್ಲಿ ಹಸಿದ, ದಣಿದ ವೃದ್ಧರೊಬ್ಬರು ತೊಯ್ದ ಬಟ್ಟೆಯಲ್ಲೇ ಗಾಳಿಗೆ ಸಿಕ್ಕು ಉಳಿದರೆ ಅಷ್ಟೇ ಸಾಕು. ದೋಣಿ ಮಗುಚಿ ರಾತ್ರಿಯಿಡೀ ಕಡಲಲ್ಲಿ ತೇಲುವ ನಮ್ಮ ಮೀನುಗಾರರಿಗೂ ಇದೇ ಅಪಾಯವಿದೆ.

ಅಂಗಿ ಕಳಚಿದ್ದು ನಿಮಗೆ ಸಂಶಯದ ಮೂಲವಾಗಿ ಕಂಡಿದೆ. ವಿಧಿವಿಜ್ಞಾನ ವೈದ್ಯರಿಗೆ ಅದು ಪರಿಚಿತ ಸುಳಿವು. ಚಳಿಗೆ ಬಿಗಿದುಕೊಂಡಿದ್ದ ಚರ್ಮದ ರಕ್ತನಾಳಗಳು ಕೊನೆಯ ಹಂತದಲ್ಲಿ ಸೋತು ಸಡಿಲಗೊಂಡಾಗ ಒಳಗಿನ ಬೆಚ್ಚನೆಯ ರಕ್ತ ಒಮ್ಮೆಲೇ ಚರ್ಮಕ್ಕೆ ನುಗ್ಗುತ್ತದೆ. ಆಗಲೇ ಮಂಕಾದ ಮೆದುಳಿಗೆ ಮೈ ಸುಡುತ್ತಿರುವಂತೆ ಭಾಸವಾಗಿ ವ್ಯಕ್ತಿ ಬಟ್ಟೆ ಕಿತ್ತೆಸೆಯುತ್ತಾನೆ ಎಂದು ಇದನ್ನು ವಿವರಿಸುತ್ತಾರೆ. ಕಪಾಟಿನ ಹಿಂದೆ, ಮಂಚದ ಕೆಳಗೆ, ಪೊದೆಯೊಳಗೆ ನುಸುಳಿಕೊಂಡು ಮುದುಡುವುದೂ ಇಂಥ ಸಾವುಗಳಲ್ಲಿ ಕಂಡುಬರುತ್ತದೆ. ಚಿಕ್ಕಪ್ಪ ಬೇರುಗಳ ಸಂದಿಯಲ್ಲಿ ಸಿಕ್ಕಿದ್ದನ್ನು ಯಾರೋ ಎಳೆದು ಬಚ್ಚಿಟ್ಟ ಗುರುತೆಂದೇ ಓದಬೇಕಾಗಿಲ್ಲ.

ಇನ್ನು ಚೂರುಗಳ ವಿಷಯ. ಹೊಟ್ಟೆಯನ್ನು ತೆರೆದಾಗ ಜಠರದ ಒಳಪದರದ ಮೇಲೆ, ಬಿಳಿ ಪಂಚೆಗೆ ಅಡಿಕೆ ಚೊಗರು ಸಿಡಿದಂತೆ, ಕಂದುಗಪ್ಪು ಚುಕ್ಕೆಗಳು ಕಂಡವೆಂದು ವರದಿಯಲ್ಲಿದೆ. 1895ರಲ್ಲಿ ರಷ್ಯಾದ ವೈದ್ಯ ವಿಷ್ನೆವ್‌ಸ್ಕಿ ಇವನ್ನು ವಿವರಿಸಿದ್ದರಿಂದ ಅವರ ಹೆಸರೇ ಚುಕ್ಕೆಗಳಿಗೆ ನಿಂತಿದೆ. ಒಳಪದರದಲ್ಲಿ ಜಿನುಗಿದ ರಕ್ತದ ಹಿಮೋಗ್ಲೋಬಿನ್ ಜಠರದ ಆಮ್ಲ ತಾಗಿ ಹೆಮಾಟಿನ್ ಆಗುವುದರಿಂದ ಆ ಕಪ್ಪು ಬಣ್ಣ. ನಿಧಾನವಾಗಿ ತಣ್ಣಗಾದ ದೇಹದಲ್ಲಿ ಇವು ಹೆಚ್ಚಾಗಿ ಸಿಗುತ್ತವೆ. ಆದರೆ ಇಲ್ಲದಿದ್ದ ಮಾತ್ರಕ್ಕೆ ಚಳಿಯ ಸಾವಲ್ಲ ಎನ್ನುವಂತಿಲ್ಲ, ಇದ್ದ ಮಾತ್ರಕ್ಕೆ ಬೇರೇನೂ ಕಾರಣವಿಲ್ಲ ಎನ್ನುವಂತೆಯೂ ಇಲ್ಲ.

ಮೂತ್ರಪಿಂಡದ ಚೂರಿನಲ್ಲಿ ಕಂಡದ್ದೇನೆಂದು ನನಗೆ ತಿಳಿಯಲಿ ಎಂದು ಆ ವೈದ್ಯರು ಅಂಥದೇ ಒಂದು ಹಳೆಯ ಸ್ಲೈಡನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ತೋರಿಸಿದರು. ಮೂತ್ರ ಸಾಗುವ ಸಣ್ಣ ನಳಿಕೆಯ ಸುತ್ತ ಗುಲಾಬಿ ಬಣ್ಣದ ಕೋಶಗಳು ಉಂಗುರದಂತೆ ಕೂತಿದ್ದವು. ಪ್ರತಿ ಕೋಶದ ಬುಡದಲ್ಲಿ ಬಣ್ಣವಿಲ್ಲದ ಗುಳ್ಳೆ, ಅದು ಒತ್ತಿದ್ದರಿಂದ ನೇರಳೆ ಕೋಶಕೇಂದ್ರ ನಳಿಕೆಯ ಒಳಬದಿಗೆ ಸರಿದಿತ್ತು. ಶಾಖ ಉಳಿಸಿಕೊಳ್ಳಲು ದೇಹ ಕೊಬ್ಬನ್ನು ಕರಗಿಸುತ್ತ ಹೋದಾಗ ಅಲ್ಲಿ ತಂಗಿದ ಕೊಬ್ಬು ಅದು. ಸ್ಲೈಡ್ ಸಿದ್ಧಪಡಿಸುವಾಗ ಬಳಸುವ ಆಲ್ಕೋಹಾಲ್ ಮತ್ತು ಕ್ಸೈಲೀನ್‌ನಲ್ಲಿ ಕೊಬ್ಬು ಕರಗಿಹೋಗಿ ಖಾಲಿ ಗುಳ್ಳೆಯಷ್ಟೇ ಉಳಿಯುತ್ತದೆ. ಕೊಬ್ಬನ್ನೇ ನೋಡಬೇಕಾದರೆ ಚೂರನ್ನು ಹೆಪ್ಪುಗಟ್ಟಿಸಿ ಕೊಯ್ದು ಬೇರೆ ಬಣ್ಣ ಹಾಕಬೇಕು.

ನಿಮಗೆ ಅಡ್ಡಗೋಡೆಯ ಮೇಲಿನ ದೀಪದಂತೆ ತೋರಿದ 'ಹೊಂದುತ್ತವೆ' ಎಂಬ ಪದ ಹುಟ್ಟಿದ್ದು ಇಲ್ಲಿಯೇ. ಇದೇ ಗುಳ್ಳೆಗಳನ್ನು 1877ರಲ್ಲಿ ಇಟಲಿಯ ಅರ್ಮಾನಿ ಮೊದಲು ಗುರುತಿಸಿದ್ದು ಸಕ್ಕರೆ ಕಾಯಿಲೆಯ ರೋಗಿಗಳಲ್ಲಿ. ಚಿಕ್ಕಪ್ಪನಿಗೂ ಆ ಕಾಯಿಲೆಯಿದ್ದ ಕಾರಣ, ಸಕ್ಕರೆ ಮಿತಿಮೀರಿ, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಎಂಬ ಆಮ್ಲೀಯ ವಸ್ತು ರಕ್ತದಲ್ಲಿ ಏರಿ ಸತ್ತರೋ ಎಂಬ ಪ್ರಶ್ನೆಯನ್ನು ವೈದ್ಯರು ಎತ್ತಿಕೊಳ್ಳಲೇಬೇಕಿತ್ತು. ಅದಕ್ಕಾಗಿಯೇ ಅವರು ಕಣ್ಣುಗುಡ್ಡೆಯೊಳಗಿನ ದ್ರವವನ್ನು ತೆಗೆದು ಸಕ್ಕರೆಯ ಮಟ್ಟ ನೋಡಿದ್ದಾರೆ, ಅದು ವಿಪರೀತವಾಗಿರಲಿಲ್ಲ. ವಿಷಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲ. ಚಳಿಯ ಸಾವನ್ನು ಯಾವ ಒಂದು ಗುರುತೂ ಒಂಟಿಯಾಗಿ ಸಾಬೀತುಪಡಿಸುವುದಿಲ್ಲ. ಸ್ಥಳ, ಹವೆ, ಬಟ್ಟೆ, ಅಂಗಾಂಶ ಎಲ್ಲವನ್ನೂ ಕೂಡಿಸಿ, ಉಳಿದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಅಲ್ಲಿಗೆ ಬರಬೇಕು. 'ಹೊಂದುತ್ತವೆ' ಎಂಬುದು ನುಣುಚಿಕೊಳ್ಳುವ ಮಾತಲ್ಲ, ಪ್ರಾಮಾಣಿಕ ವೈದ್ಯರೊಬ್ಬರು ಬರೆಯಬಹುದಾದ ಅತ್ಯಂತ ನೇರವಾದ ಮಾತು ಎಂಬುದು ನನ್ನ ದೃಢ ಅಭಿಪ್ರಾಯ.

ಚಿಕ್ಕಮ್ಮನವರಿಗೆ ದಯವಿಟ್ಟು ಇದನ್ನು ತಿಳಿಸಿ. ತೆಗೆದದ್ದು ಸಣ್ಣ ಚೂರುಗಳನ್ನು. ಸೂಕ್ಷ್ಮದರ್ಶಕಕ್ಕೆ ಇಟ್ಟದ್ದು ಮೇಣದಲ್ಲಿ ಕೂರಿಸಿ ಕೊಯ್ದ 4-5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಪದರಗಳನ್ನು. ವಿಷಪತ್ತೆಗೆ ಹೋಗುವ ಒಳಾಂಗಗಳನ್ನು ಉಪ್ಪಿನ ದ್ರಾವಣದಲ್ಲಿ ಇಡುತ್ತಾರೆ. ಅವು ಈ ಪರೀಕ್ಷೆಗೆ ಒದಗುವುದಿಲ್ಲ. ಇದಕ್ಕೆ ಶೇ. 10ರ ಫಾರ್ಮಾಲಿನ್‌ನಲ್ಲಿ ಬೇರೆಯೇ ಚೂರುಗಳು ಬೇಕು, ಅದೂ ಬೇಗ. ಮೇದೋಜೀರಕ ಗ್ರಂಥಿಯಂತೂ ನಮ್ಮ ತೇವದ ಹವೆಯಲ್ಲಿ ಬಹುಬೇಗ ಕರಗಿ ಸಾಕ್ಷ್ಯ ಕಳೆದುಕೊಳ್ಳುತ್ತದೆ. ನಿಮ್ಮ ವರದಿಯಲ್ಲಿ ಅದರ ಬಗ್ಗೆ 'ಓದಲಾಗದಷ್ಟು ಕೆಟ್ಟಿದೆ' ಎಂದಿರುವುದು ಯಾರ ಅಲಕ್ಷ್ಯವೂ ಅಲ್ಲ, ಎರಡು ರಾತ್ರಿ ಕಳೆದಿತ್ತು. ಮೇಣದ ಬ್ಲಾಕ್‌ಗಳು ಉಳಿದಿದ್ದರೆ ಮತ್ತೊಬ್ಬ ತಜ್ಞರಿಂದಲೂ ಓದಿಸಬಹುದು; ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿಕೊಳ್ಳಿ.

ಕೊನೆಯದಾಗಿ, ಊರು ಪೆಟ್ಟೆಂದು ನಂಬಿರುವ ಮೊಣಕಾಲಿನ ಗುರುತು. ಪೆಟ್ಟು ಬಿದ್ದಲ್ಲಿ ನಾಳ ಒಡೆದು ಕೆಂಪುರಕ್ತಕಣಗಳು ಸುತ್ತಲಿನ ಅಂಗಾಂಶಕ್ಕೆ ಸೋರಿರುತ್ತವೆ. ಚಳಿಯಿಂದಾದ ಕೆಂಪಿನಲ್ಲಿ ಹಾಗೆ ಸೋರಿರುವುದಿಲ್ಲ. ವೈದ್ಯರು ಎರಡೂ ಮೊಣಕಾಲು ಮತ್ತು ಬಲ ಮೊಣಕೈಯ ಚರ್ಮದ ಚೂರು ನೋಡಿ, 'ರಕ್ತಸ್ರಾವವಿಲ್ಲ' ಎಂದು ಎರಡನೆಯ ಪುಟದ ಕೆಳಗೆ ಬರೆದಿದ್ದಾರೆ; ತಲೆ, ಕುತ್ತಿಗೆ, ಪಕ್ಕೆಲುಬುಗಳಲ್ಲೂ ಗಾಯವಿಲ್ಲವೆಂಬ ಸಾಲು ಅದರ ಮೇಲೆಯೇ ಇದೆ. ಆ ಎರಡು ಸಾಲುಗಳನ್ನು ಚಿಕ್ಕಮ್ಮನವರಿಗೆ ಓದಿ ಹೇಳಿ. ಆಮೇಲೆ ಬೇಣದ ಆಚೆಯ ಮನೆಗೂ ಹೋಗಿ ಓದಿ ಹೇಳಿ ಎಂದು ನಿಮ್ಮನ್ನು ವಿನಂತಿಸುತ್ತೇನೆ.

— ಸಂಪಾದಕ