ಕಾಸರಗೋಡನ್ನು ಇಟ್ಟುಕೊಂಡು ಸ್ಪೆಕ್ಯುಲೇಟಿವ್ ಥೀಸಿಸ್ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಕೊನೇ ವರ್ಷ, ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಥೀಸಿಸ್‌ಗೆ ಸ್ಪೆಕ್ಯುಲೇಟಿವ್ ಪ್ರಾಜೆಕ್ಟ್, ಅಂದರೆ ಕಟ್ಟಲಿಕ್ಕಲ್ಲದೆ ‘ಹೀಗಾದರೆ’ ಅಂತ ಕಲ್ಪಿಸಿ ಬಿಡಿಸುವ ಕೆಲಸ ಮಾಡುವ ಆಸೆ. ಬೇಕಲ ಕೋಟೆ ಬಿಟ್ಟರೆ ನಮ್ಮಲ್ಲಿ ಏನಿದೆ? ಹೇಗೂ ಕಟ್ಟುವ ಕಟ್ಟಡ ಅಲ್ವಲ್ಲ, ಏನು ಬೇಕಾದರೂ ಬಿಡಿಸಬಹುದಾ?

ನಾನೂ ಆ ಕಡೆಯವನೇ. ಆರ್ಕಿಟೆಕ್ಟ್ ಕೆಲಸ, ಆಗಾಗ ಕಾಲೇಜುಗಳಿಗೆ ಜ್ಯೂರಿಗೂ (ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಿ ಪ್ರಶ್ನೆ ಕೇಳಲಿಕ್ಕೆ) ಹೋಗುತ್ತೇನೆ. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ ಮಾರಾಯ್ರೇ. ಒಂದೇ ಒಂದು ಸಂಗತಿ ಬದಲಾಯಿಸಿ. ಮಣ್ಣು, ಇಳಿಜಾರು, ಮಳೆ, ಯಾರ ಜಾಗ ಎಂಬ ತಕರಾರು, ಎಲ್ಲ ಇದ್ದ ಹಾಗೇ ಇರಲಿ. ಎಲ್ಲವನ್ನೂ ಬದಲಾಯಿಸಿದರೆ ಅದು ಯಾವ ಊರಿಗೂ ಸಲ್ಲುತ್ತದೆ, ಅಂದರೆ ಯಾವ ಊರದ್ದೂ ಆಗುವುದಿಲ್ಲ.

ನಿಮಗೆ ಕ್ಲಾಸಿನಲ್ಲಿ ತೋರಿಸಿರುತ್ತಾರೆ. 1784ರಲ್ಲಿ ಫ್ರಾನ್ಸಿನ ಆರ್ಕಿಟೆಕ್ಟ್ ಬುಲ್ಲೇ ವಿಜ್ಞಾನಿ ನ್ಯೂಟನ್ನಿಗಾಗಿ ಬಿಡಿಸಿದ ದೈತ್ಯ ಗೋಳದ ಸ್ಮಾರಕ, 1964ರಲ್ಲಿ ಇಂಗ್ಲೆಂಡಿನ ಆರ್ಕಿಗ್ರಾಂ ಎಂಬ ಆರ್ಕಿಟೆಕ್ಟರ ಗುಂಪಿನ ರಾನ್ ಹೆರನ್ ಬಿಡಿಸಿದ ಕಾಲಿರುವ ನಗರ. ಎರಡೂ ಕಾಗದದಲ್ಲೇ ಉಳಿದವು. ಚೆನ್ನಾಗಿಯೇ ಇವೆ. ಆದರೆ ಅವನ್ನು ನೋಡಿದ ಹುಡುಗರು ನೇರ ಬೇಕಲ ಕೋಟೆಗೆ ಕಾಲು ಹಚ್ಚಲು ಹೊರಡುತ್ತಾರೆ. ಇಲ್ಲವಾದರೆ ಕೋಟೆ ಪಕ್ಕ ಪ್ರವಾಸಿಗರಿಗೆ ಅದರ ಕಥೆ ಹೇಳುವ ಒಂದು ಇಂಟರ್‌ಪ್ರಿಟೇಷನ್ ಸೆಂಟರ್! ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ, ಅದರ ಪಾಡಿಗೆ ಅದು ಇರಲಿ ಬಿಡಿ.

ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅನುರಾಧಾ ಮಾಥುರ್ ಮತ್ತು ದಿಲೀಪ್ ಡ ಕುನ್ಹಾ ಎಂಬ ಆರ್ಕಿಟೆಕ್ಟರು ಮಾಡಿದ ಕೆಲಸ. 2005ರ ಜುಲೈ 26ರಂದು ಮುಂಬೈಯಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಂತು. ಆ ನೆರೆಯ ನಂತರ ಅವರು ಮುಂಬೈಯನ್ನು ಬಿಡಿಸಿ, 2009ರಲ್ಲಿ ಪ್ರದರ್ಶನಕ್ಕೆ ಇಟ್ಟರು. ಮ್ಯಾಪಿನಲ್ಲಿ ಎಳೆದ ನೆಲ-ನೀರಿನ ಗೆರೆಯನ್ನೇ ಅವರು ನಂಬಲಿಲ್ಲ. ಸೆಕ್ಷನ್ (ನೆಲವನ್ನು ಮೇಲಿಂದ ಕೆಳಗೆ ಸೀಳಿ ಪಕ್ಕದಿಂದ ನೋಡಿದ ಹಾಗಿನ ಚಿತ್ರ) ಮೇಲೆ ಸೆಕ್ಷನ್ ಬಿಡಿಸಿದರು, ಮಳೆ ಎಲ್ಲಿ ಇಂಗುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ. ನೀವು ಹಿಡಿಯಬೇಕಾದ ದಾರಿಯೂ ಅದೇ. ನಮ್ಮ ಊರು ಪ್ಲಾನಿನಲ್ಲಿ, ಅಂದರೆ ಮೇಲಿಂದ ನೋಡಿದರೆ, ಸುಮ್ನೆ ಹಸಿರು ಕಲೆ. ಸೆಕ್ಷನ್‌ನಲ್ಲಿ ನೋಡಿ: ಮೇಲೆ ಮುರಕಲ್ಲಿನ (ಲ್ಯಾಟರೈಟ್) ಬೋಳು ಪದವು, ಅಂದರೆ ಗುಡ್ಡೆ ಮೇಲಿನ ಬಯಲು, ಕೆಳಗೆ ಗೇರು ಗುಡ್ಡೆ, ಅದರ ಬುಡದಲ್ಲಿ ಮನೆ, ಮನೆಯ ಹಿಂದೆ ಸುರಂಗ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ತೋಡಿದ ಬಾವಿ), ಮುಂದೆ ಕೆರೆ, ಆಮೇಲೆ ಅಡಿಕೆ ತೋಟ, ತೋಡು (ಸಣ್ಣ ಹಳ್ಳ), ಹೊಳೆ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬರುವ ಊರಿನಲ್ಲಿ ಏಪ್ರಿಲಿಗೆ ಬಾವಿ ಒಣಗುವುದು ಯಾಕೆ ಅಂತ ಆ ಒಂದು ಡ್ರಾಯಿಂಗ್ ಹೇಳುತ್ತದೆ.

ಸುರಂಗ ನೀವು ನೋಡಿಯೇ ಇರುತ್ತೀರಿ. ಆದರೆ ಅಳತೆ ಮಾಡಿದ್ದೀರಾ? ಒಬ್ಬ ಆಳು ಹೋಗುವಷ್ಟು ಅಗಲ, ಹೆಚ್ಚು ಕಡಿಮೆ ಆಳೆತ್ತರ. ಗೋಡೆಯಲ್ಲಿ ಪಿಕ್ಕಾಸಿನ ಏಟು ಒಂದೊಂದೂ ಕಾಣುತ್ತದೆ. ದೀಪ ಇಡಲು ಸಣ್ಣ ಗೂಡು. ದೀಪ ಬೆಳಕಿಗೆ ಮಾತ್ರ ಅಲ್ಲ, ಅದು ಮಂಕಾದರೆ ಗಾಳಿ ಸಾಲದು, ಹೊರಗೆ ಬರಬೇಕು ಅಂತ ಲೆಕ್ಕ. ನೆಲಕ್ಕೆ ಹೊರಗಿನ ಕಡೆ ಸ್ವಲ್ಪವೇ ಇಳುಕಲು, ನೀರು ತಾನಾಗಿ ಹರಿದು ಬರಲಿಕ್ಕೆ. ಮೊದಲು ಅಡಿಕೆ ಮರದ ದಂಬೆಯಲ್ಲಿ (ಸೀಳಿ ಟೊಳ್ಳು ಮಾಡಿದ ಕಾಂಡದಲ್ಲಿ) ಕೆರೆಗೆ ಬೀಳುತ್ತಿತ್ತು, ಈಗ ಪಿವಿಸಿ ಪೈಪು. ಕರೆಂಟಿಲ್ಲ, ಪಂಪಿಲ್ಲ. ಒಂದು ನಕ್ಷೆಯೂ ಇಲ್ಲದೆ, ಗಿಡ, ಹುತ್ತ ನೋಡಿ ನೀರಿನ ಜಾಗ ಹೇಳಿದವರು ತೋಡಿದ್ದು. ಇದನ್ನು ಮಿಲಿಮೀಟರಿನಷ್ಟು ಸರಿಯಾಗಿ ಬಿಡಿಸಿದ ಮೇಲೆ ನಿಮ್ಮ ‘ಹೀಗಾದರೆ’ ಶುರು ಮಾಡಿ. ಬೋರ್‌ವೆಲ್ ಕೊರೆಯುವುದನ್ನು 1980ರಲ್ಲೇ ನಿಲ್ಲಿಸಿದ್ದರೆ ಗುಡ್ಡೆಯ ಒಳಗೆ ಈಗ ಏನಿರುತ್ತಿತ್ತು? ಅಕ್ಕಪಕ್ಕದ ಮನೆಗಳ ಸುರಂಗಗಳು ಒಳಗೊಳಗೇ ಕೂಡಿದ್ದರೆ ನೀರಿನ ಜಗಳ ಎಲ್ಲಿ ನಡೆಯುತ್ತಿತ್ತು, ಪಂಚಾಯಿತಿ ಎಲ್ಲಿ ಕೂರುತ್ತಿತ್ತು?

ಆದರೂ ನನ್ನನ್ನು ಕೇಳಿದರೆ ನಾನು ಆರಿಸುವುದು ಕಟ್ಟವನ್ನು, ಅಂದರೆ ಹೊಳೆಗೆ ಹಾಕುವ ತಾತ್ಕಾಲಿಕ ಒಡ್ಡನ್ನು. ಕುಂಬ್ಡಾಜೆ ಪಂಚಾಯತಿನ ಏತಡ್ಕಕ್ಕೆ ಹೋಗಿ ಬನ್ನಿ, ನಿಮ್ಮಲ್ಲಿಂದ ದೂರವೇನಲ್ಲ. ಮಳೆ ಮುಗಿದು ಹೊಳೆಯ ಹರಿವು ಇಳಿದ ಮೇಲೆ ಕಲ್ಲು, ಮಣ್ಣು ಹಾಕಿ ಹೊಳೆಗೆ ಅಡ್ಡ ಕಟ್ಟುತ್ತಾರೆ. ಬೇಸಿಗೆ ಪೂರ್ತಿ ನೀರು ನಿಲ್ಲುತ್ತದೆ, ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬರುತ್ತದೆ. ಜೂನಿನಲ್ಲಿ ಕಟ್ಟ ಹೋಗುತ್ತದೆ, ಮುಂದಿನ ವರ್ಷ ಮತ್ತೆ ಅದೇ ಕೆಲಸ. ಆಳು ಸಿಗುವುದಿಲ್ಲ, ಕೂಲಿ ಜಾಸ್ತಿ, ಹಾಗಾಗಿ ಕಡಿಮೆಯಾಗುತ್ತಾ ಬಂದಿದೆ. ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಒಮ್ಮೆ ಕಟ್ಟಿದರೆ ಮುಗಿಯಿತಲ್ಲ ಅನ್ನುವವರ ಮಾತಿನಲ್ಲೂ ಹುರುಳಿದೆ.

ಈಗ ಒಂದೇ ಸಂಗತಿ ಬದಲಾಯಿಸಿ: ಕಟ್ಟದ ಹಾಗೆ ಊರಿನ ಯಾವ ಸಾರ್ವಜನಿಕ ಕಟ್ಟಡವೂ ಒಂದು ಬೇಸಿಗೆಗಿಂತ ಹೆಚ್ಚು ಬಾಳಬಾರದು ಅಂತ ನಿಯಮ. ವಿಲೇಜ್ ಆಫೀಸು, ಹಾಲಿನ ಡಿಪ್ಪೊ, ಸಭಾಭವನ ಎಲ್ಲವನ್ನೂ ಡಿಸೆಂಬರಿನಲ್ಲಿ ಕಟ್ಟಬೇಕು. ಕಲ್ಲು ಮಳೆಗಾಲದಲ್ಲಿ ಯಾರ ಅಂಗಳದಲ್ಲಿರುತ್ತದೆ? ಮಣ್ಣು ಎಲ್ಲಿಂದ? ಕೆಲಸಕ್ಕೆ ಬಾರದ ಮನೆಯವರಿಗೆ ಏನು ಮಾಡುವುದು? ಜ್ಯೂರಿಯಲ್ಲಿ ಇಂಥ ಪ್ರಶ್ನೆ ಕೇಳಿದಾಗ ನಿಮ್ಮ ಹತ್ತಿರ ಉತ್ತರವಿದ್ದರೆ ಯಾರೂ ನಗುವುದಿಲ್ಲ. ನಾನಂತೂ ನಗುವುದಿಲ್ಲ.

ಮುರಕಲ್ಲಿನ ಕೋರೆಯೂ ಒಳ್ಳೆಯ ವಿಷಯವೇ. ಮನೆ ಮತ್ತು ಅದರ ಕಲ್ಲು ಬಂದ ಗುಂಡಿ, ಎರಡನ್ನೂ ಒಂದೇ ಹಾಳೆಯಲ್ಲಿ ಒಂದೇ ಸ್ಕೇಲಿನಲ್ಲಿ ಇಡಿ, ಸಾಕು.

ಎಂಡೋಸಲ್ಫಾನ್ ಕೀಟನಾಶಕದ ವಿಷಯ ತೆಗೆದುಕೊಳ್ಳುವುದಾದರೆ ಮಾತ್ರ ಜಾಗ್ರತೆ. ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳಲ್ಲಿ ಎಷ್ಟೋ ಮಕ್ಕಳು ಕಾಯಿಲೆ, ಅಂಗವೈಕಲ್ಯದಿಂದ ನರಳಿದ್ದನ್ನು ನಿಮಗೆ ಹೇಳಬೇಕಾಗಿಲ್ಲ. ಸರಕಾರಿ ಪ್ಲಾಂಟೇಷನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದರು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. ಇದರ ಮೇಲೆ ಪ್ರಾಜೆಕ್ಟ್ ಮಾಡುವವರು ಹೆಚ್ಚಾಗಿ ಕಪ್ಪು ಬಣ್ಣದ ಎತ್ತರದ ಸ್ಮಾರಕ ಬಿಡಿಸುತ್ತಾರೆ, ಗೋಡೆಗೆ ಮಕ್ಕಳ ಫೋಟೋ ಹಾಕುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಆ ಮಕ್ಕಳ ಮನೆಯವರಿಗೆ ಸ್ಮಾರಕ ಯಾಕೆ? ನಡೆಯಲಾಗದ ಮಗನನ್ನು ಎತ್ತಿಕೊಂಡು ಕಡಿದಾದ ದಾರಿಯಲ್ಲಿ ರಸ್ತೆಗೆ ಬರಬೇಕು, ತಾಯಿಗೆ ವಯಸ್ಸಾಗುತ್ತಿದೆ. ಒಂದು ದಿನ ಯಾವುದಾದರೂ ಬಡ್ಸ್ ಶಾಲೆಯಲ್ಲಿ (ವಿಶೇಷ ಮಕ್ಕಳ ಶಾಲೆ) ಕೇಳಿಕೊಂಡು ಸುಮ್ನೆ ಕೂತು ಬನ್ನಿ, ಕ್ಯಾಮೆರಾ ಬೇಡ. ಆಮೇಲೂ ಮಾಡಬೇಕೆನಿಸಿದರೆ ಗುಡ್ಡೆಯ ಮೇಲಿನ ತೋಟ, ಗಾಳಿ, ಕೆಳಗಿನ ಬಾವಿಗಳ ಸೆಕ್ಷನ್‌ನಿಂದ ಶುರು ಮಾಡಿ.

ಗಡಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಅದಕ್ಕೆ ಇಳಿದರೆ ಉತ್ತರ ಮುಗಿಯುವುದಿಲ್ಲ. 1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆ, ಆಮೇಲೆ ಕೇರಳ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದಕ್ಕಾಗಿ ಕೇಂದ್ರ ನೇಮಿಸಿದ ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಚಂದ್ರಗಿರಿಯ ಮೇಲೆ ಸೇತುವೆ-ಗೋಡೆ ಎಂಬ ಪ್ರಾಜೆಕ್ಟ್ ಮಾತ್ರ ದಯವಿಟ್ಟು ಬೇಡ. ಅದರ ಬದಲು ಅಜ್ಜನ ಪೆಟ್ಟಿಗೆ ತೆರೆಯಿರಿ. ಮೂಲಗೇಣಿ (ಖಾಯಂ ಗೇಣಿ), ಚಾಲಗೇಣಿ (ವರ್ಷಾವರ್ಷದ ಗೇಣಿ), ಕುಮ್ಕಿ (ಪಕ್ಕದ ಸರಕಾರಿ ಗುಡ್ಡೆಯ ಸೊಪ್ಪು-ಸೌದೆಯ ಹಕ್ಕು) ಅಂತೆಲ್ಲ ಕನ್ನಡದಲ್ಲಿ ಬರೆದ ಹಳೆಯ ಕಾಗದಗಳು ಸಿಕ್ಕಿದರೆ ನಿಮ್ಮ ಅದೃಷ್ಟ. ಯಾವ ಗುಡ್ಡೆಯ ಸೊಪ್ಪು ಯಾವ ತೋಟಕ್ಕೆ ಅಂತ ಅದರಲ್ಲಿರುತ್ತದೆ. ಅದೇ ನಿಮ್ಮ ಸೈಟ್ ಪ್ಲಾನ್.

ಸೈಟ್ ವಿಸಿಟ್ ಜುಲೈಯಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ ಆಗಲೇಬೇಕು. ಜುಲೈಯಲ್ಲಿ ಮಧೂರಿಗೂ ಹೋಗಿ, ಮಧುವಾಹಿನಿ ಹೊಳೆ ದೇವಸ್ಥಾನದ ಅಂಗಳಕ್ಕೆ ನುಗ್ಗುವ ದಿನ ಸಿಕ್ಕಿದರೆ ನೀರು ಎಲ್ಲಿಯವರೆಗೆ ಬಂತು ಅಂತ ಗುರುತು ಮಾಡಿಕೊಳ್ಳಿ. ಮತ್ತೆ ಸುರಂಗಕ್ಕೆ ಒಬ್ಬರೇ ಇಳಿಯಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಮಣ್ಣು ಜರಿಯುತ್ತದೆ, ಹಾವೂ ಇರುತ್ತದೆ. ಮನೆಯವರನ್ನು ಕೇಳಿ, ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿ.